ಅಪ್ಪನ ರುಮಾಲು ಮತ್ತು ಹುಲ್ಲಿನ ತಿರುವು

ನನ್ನ ಗಂಡ ಎರಡು ವರ್ಷ ಸಾಲಾಗಿ ಒಂದೇ ಹುಲ್ಲಿನ ಪೆಂಡಿಗೆ ಹೋಗಿ ಬಿದ್ದವರು. ಮೊದಲ ವರ್ಷ ಬಿದ್ದಾಗ ನನಗೆ ಅಳು ಬಂದಿತ್ತು. ಎರಡನೆಯ ವರ್ಷ ಸಿಟ್ಟು ಬಂತು. ಈ ಚಂದ್ರವ್ವನಿಗೆ, ಅಂದರೆ ನನಗೆ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಹೇಳಲಿ. ಒಂದೇ ಜಾಗದಲ್ಲಿ ಎರಡು ಸಲ ಬೀಳುವ ಗಂಡನನ್ನು ಕಟ್ಟಿಕೊಂಡವಳಿಗೆ ಸಿಟ್ಟು ಬಾರದೆ ನಗು ಬರಬೇಕೆ?

ಗಂಡನ ಹೆಸರು ನಾಗಲಿಂಗ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವ ರೂಢಿಯಿಲ್ಲ. ಆದರೆ ಕತೆ ಹೇಳುವಾಗ ಬರೀ ‘ಅವರು, ಅವರು’ ಎಂದರೆ ಯಾರು ಯಾರು ಎಂದು ನೀವು ಕೇಳುತ್ತೀರಿ, ಅದಕ್ಕೇ ಒಮ್ಮೆ ಹೇಳಿಬಿಟ್ಟೆ. ಬೆಳಗಾವಿಯ ಕಾರ್ಖಾನೆಗಳೆಲ್ಲ ಇರುವ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಅವರು ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುತ್ತಿದ್ದರು. ವಾರದ ಆರು ದಿನ ಲೇಥಿನ ಮುಂದೆ ನಿಂತು, ಏಳನೆಯ ದಿನ ತಮ್ಮ ಯೆಜ್ಡಿ ಮೋಟರ್‌ಸೈಕಲ್ಲಿನ ಮುಂದೆ ಕೂರುತ್ತಿದ್ದರು. ಅನಗೋಳದ ನಮ್ಮ ಎರಡು ಕೋಣೆಯ ಮನೆಯಲ್ಲಿ ನನಗಿಂತ ಹೆಚ್ಚು ಸ್ನಾನ ಆ ಗಾಡಿಗೇ ಆಗುತ್ತಿತ್ತು.

ಬೆಳಗಾವಿಯ ಹೊರಗೆ ಆಗ ವಿಮಾನ ಇಳಿಯುವುದು ಬಿಟ್ಟುಹೋದ ಒಂದು ಹಳೆಯ ಪಟ್ಟಿಯಿತ್ತು. ಪ್ರತಿವರ್ಷ ಸಂಕ್ರಾಂತಿ ಆದ ಮೇಲಿನ ರವಿವಾರ ಊರಿನ ಮೋಟರ್‌ಸೈಕಲ್ ಹುಚ್ಚರೆಲ್ಲ ಅಲ್ಲಿ ಸೇರಿ, ಡಾಂಬರಿನ ಡ್ರಮ್ಮು, ಹಳೇ ಟಾಯರು ಇಟ್ಟು ದಾರಿ ಮಾಡಿ, ಎಂಟು ಸುತ್ತಿನ ರೇಸು ನಡೆಸುತ್ತಿದ್ದರು. ಉದ್ದನೆಯ ನೇರ ದಾರಿ ಮುಗಿದಲ್ಲಿ ಬಲಕ್ಕೆ ಹೊರಳುವ ಒಂದು ದೊಡ್ಡ ತಿರುವು. ಅದು ದಾಟಿದರೆ ರೇಸು ಮುಗಿಯುವ ಗೆರೆ. ಜೋರಾಗಿ ಬಂದವರು ಆ ತಿರುವಿನಲ್ಲಿ ಹೊರಗೆ ಹಾರಿದರೆ ಎಲುಬು ಮುರಿಯಬಾರದೆಂದು ಹುಲ್ಲಿನ ಪೆಂಡಿ ಪೇರಿಸಿಟ್ಟಿರುತ್ತಿದ್ದರು. ಹಾಗಾಗಿ ಅದಕ್ಕೆ ಹುಲ್ಲಿನ ತಿರುವು ಎಂದೇ ಹೆಸರು. ಎಂಬತ್ತೆರಡರಲ್ಲಿ ನಮ್ಮವರು ಎರಡನೆಯ ಸುತ್ತಿಗೇ ಆ ಹುಲ್ಲಿನಲ್ಲಿದ್ದರು. ಎಂಬತ್ಮೂರರಲ್ಲಿ ಏಳನೆಯ ಸುತ್ತಿಗೆ. ‘ಸುಧಾರಿಸೇನಿ ನೋಡು’ ಎಂದು ಹಲ್ಲು ಕಿರಿಯುತ್ತ ಎದ್ದುಬಂದರು ಪುಣ್ಯಾತ್ಮ.

ಆ ಸಂಜೆ ಅವರ ಕೂದಲೊಳಗಿನ ಹುಲ್ಲು ಆರಿಸುತ್ತ ನಾನು ಹೇಳಿಬಿಟ್ಟೆ: “ನೋಡ್ರಿ, ಇನ್ನೊಂದ್ ಸಲ ಅಲ್ಲಿ ಬಿದ್ರ ಗಾಡಿ ನಮ್ಮಣ್ಣ ಸಿದ್ದಪ್ಪಗ. ಎಮ್ಮಿಗೆ ಹೊಲದಿಂದ ಹುಲ್ಲು ತರಾಕ ಅವಗೊಂದು ಗಾಡಿ ಬೇಕಾಗೇತಿ. ಹೆಂಗೂ ನಿಮ್ಮ ಗಾಡಿಗೆ ಹುಲ್ಲಂದ್ರ ಭಾಳ ಪ್ರೀತಿ.”

ಅವರು ನಗಲಿಲ್ಲ. “ಆತು. ಬಸವಣ್ಣನ ಆಣಿ,” ಎಂದರು. “ಬಿದ್ರ ಕೀಲಿ ನಿನ್ನ ಕೈಯಾಗ ಇಡ್ತೇನಿ. ರೇಸಿನ ಹೆಸರು ಎತ್ತಂಗಿಲ್ಲ.”

ಬೆಳಗಾಗುವುದರೊಳಗೆ ನನ್ನ ಸಿಟ್ಟು ಇಳಿದಿತ್ತು. ಲೇಥಿನ ಸದ್ದು, ಎಣ್ಣೆಯ ವಾಸನೆ, ಅದರ ನಡುವೆ ಆ ಮನುಷ್ಯನಿಗೆ ಇದ್ದ ಒಂದೇ ಒಂದು ಖುಷಿಯನ್ನು ಎಮ್ಮೆಗೆ ಕೊಟ್ಟುಬಿಟ್ಟೆನಲ್ಲ ಎನ್ನಿಸಿತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ. ಅವರೂ ಆಣೆ ಮುರಿಯುವವರಲ್ಲ. 

ಈಗ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ದುಂಡಪ್ಪ ಇಪ್ಪತ್ತೆರಡು ವರ್ಷ ಉದ್ಯಮಬಾಗದ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಹೊತ್ತವನು. ಕೆಂಪಗೆ ಕುದಿಯುವ ಕಬ್ಬಿಣದ ರಸ ತುಂಬಿದ ದೊಡ್ಡ ಬುಟ್ಟಿಯಂಥದ್ದನ್ನು ಒಂದು ಉದ್ದ ದಂಡದ ನಡುವೆ ಕೂರಿಸಿ, ಮುಂದೊಬ್ಬ ಹಿಂದೊಬ್ಬ ಹಿಡಿದು, ಭಟ್ಟಿಯಿಂದ ಅಚ್ಚುಗಳ ತನಕ ನಡೆಯಬೇಕು. ಅದಕ್ಕೆ ಅವರು ಲೇಡಲ್ ಎನ್ನುತ್ತಿದ್ದರು. ಅಪ್ಪ ಯಾವಾಗಲೂ ಮುಂದಿನ ಹಿಡಿಕೆಯವನು. ಕೆಲಸ ಬಿಟ್ಟ ಮೇಲೆ ಖಾನಾಪುರದ ಮನೆಯ ಕಟ್ಟೆಯ ಮೇಲೆ ತಲೆಗೆ ಬಿಳಿ ರುಮಾಲು ಸುತ್ತಿಕೊಂಡು ಕೂತು, ಓಣಿಯಲ್ಲಿ ಹೋಗಿಬರುವವರ ನಡಿಗೆಯಲ್ಲಿ ತಪ್ಪು ಹುಡುಕುವುದೇ ಅವನ ಉದ್ಯೋಗ.

ಆದರೆ ಅಳಿಯನ ತಪ್ಪು ಮಾತ್ರ ಬಾಯಿಬಿಟ್ಟು ಹೇಳುವಂತಿಲ್ಲ. ನಮ್ಮ ಮನೆತನದಲ್ಲಿ ಮಾವ ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ‘ಬರ್ರಿ, ಕುಂದರ್ರಿ’ ಎರಡೇ ಮಾತು, ಅದೂ ಗೋಡೆ ನೋಡಿಕೊಂಡು. ಅಳಿಯನೆದುರು ರುಮಾಲು ತೆಗೆಯುವುದಿಲ್ಲ, ಕಾಲು ಚಾಚುವುದಿಲ್ಲ. ಏನೇ ಇದ್ದರೂ ಮಗಳ ಮೂಲಕ ಹೇಳಬೇಕು. ಅಳಿಯ ಒಂದು ಮೊಳ ದೂರದಲ್ಲೇ ಕೂತಿದ್ದರೂ ಸರಿ, ಮಗಳು ಅಡಿಗೆಮನೆಯಿಂದ ಎದ್ದುಬಂದು ಈ ಕಿವಿಯಿಂದ ಕೇಳಿ ಆ ಕಿವಿಗೆ ಮುಟ್ಟಿಸಬೇಕು. ಮದುವೆಯಾಗಿ ನಾಲ್ಕು ವರ್ಷ ನಾನು ಈ ಅಂಚೆ ಕೆಲಸ ಮಾಡಿದ್ದೆ.

ಎಂಬತ್ಮೂರರ ದೀಪಾವಳಿ ಮುಗಿದ ಮೇಲಿನ ರವಿವಾರ ಎಂದಿನಂತೆ ಇಬ್ಬರೂ ಗಾಡಿಯ ಮೇಲೆ ಖಾನಾಪುರಕ್ಕೆ ಹೋದೆವು. ರಸ್ತೆಯಿಂದ ನಮ್ಮ ಓಣಿಗೆ ತಿರುಗುವಲ್ಲಿ ಒಂದು ಬೇವಿನ ಗಿಡ. ನಮ್ಮವರು ಆ ತಿರುವಿನ ಒಳಮಗ್ಗುಲಿಗೇ ಗಾಡಿ ನುಗ್ಗಿಸಿ, ಅರ್ಧ ತಿರುಗಿದ ಮೇಲೆ ಕಾಲಿನ ಬ್ರೇಕು ತುಳಿದರು. ಹಿಂದಿನ ಗಾಲಿ ಜರ್ ಎಂದು ಜಾರಿತು. ಬಾಜೂ ಮನೆಯ ಕೋಳಿಗಳು ಕಿರುಚಿಕೊಂಡು ಗೋಡೆ ಹತ್ತಿದವು. ನಾನು ಅವರ ಸೊಂಟ ಗಟ್ಟಿ ಹಿಡಿದು ‘ಶಿವನೇ’ ಎಂದೆ. ಇದು ಪ್ರತಿ ರವಿವಾರದ ಪಾಡು. ಅಪ್ಪ ಕಟ್ಟೆಯ ಮೇಲಿಂದ ಎಲ್ಲ ನೋಡುತ್ತಿದ್ದ. ಅವತ್ತು ಅವನಿಗೆ ತಡೆಯಲಿಕ್ಕೆ ಆಗಲಿಲ್ಲ.

ಗಂಡಸರ ಊಟ ಆಗಿ ಎಲೆ ಅಡಿಕೆ ಹಾಕುವಾಗ ಗೋಡೆ ನೋಡುತ್ತ ಹೇಳಿದ: “ಚಂದ್ರವ್ವಾ, ನಿನ್ನ ಮನಿಯವರಿಗೆ ಹೇಳವ್ವಾ, ತಿರುವಿನ್ಯಾಗ ನಿಲ್ಲಬಾರದು ಅಂತ.”

ನಾನು ಅವರ ಕಡೆ ಹೊರಳಿದೆ. “ತಿರುವಿನ್ಯಾಗ ನಿಲ್ಲಬಾರದಂತ.”

“ನಿಮ್ಮಪ್ಪಾರಿಗೆ ಕೇಳು, ನಿಲ್ಲಲಿಲ್ಲಂದ್ರ ಹೊರಗ ಹೋಗಂಗಿಲ್ಲೇನು ಅಂತ,” ಎಂದರು ಇವರು.

“ಹೊರಗ ಹೋಗಂಗಿಲ್ಲೇನಪ್ಪಾ?”

“ಹೇಳು ಅವರಿಗೆ, ನಿಲ್ಲೂದು, ನಿಧಾನ ಆಗೂದು, ಎಲ್ಲಾ ತಿರುವು ಬರೂಕಿಂತ ಮೊದಲ, ನೆಟ್ಟಗ ಇದ್ದಾಗ ಮುಗೀಬೇಕು. ತಿರುವಿನ್ಯಾಗ ಒಂದಽ ನಡಿಗಿ.”

“ನಿಮ್ಮಪ್ಪಾರಿಗೆ ಹೇಳು, ಇದು ನಡಿಗಿ ಅಲ್ಲ, ಗಾಡಿ ಅಂತ.”

ನನಗೆ ತಲೆ ಕೆಟ್ಟಿತು. “ಇಬ್ಬರಿಗೂ ದೇವರು ಬಾಯಿ ಕೊಟ್ಟಾನಿಲ್ಲೋ? ನನ್ನ ರೊಟ್ಟಿ ಹೊತ್ತಾಕತ್ತೈತಿ ಒಳಗ!”

ಅಪ್ಪ ಎದ್ದ. ಕೊಟ್ಟಿಗೆಯಿಂದ ಒಂದು ಉದ್ದ ಬಿದಿರು ತಂದು, ಅದರ ನಡುವೆ ಕೊಡ ತೂಗುಹಾಕಿ, ಕಂಠಮಟ ನೀರು ತುಂಬಿದ. “ಬಾರವ್ವಾ, ಹಿಂದ ಹಿಡಿ,” ಎಂದ. ತಾನು ಮುಂದೆ ಹಿಡಿದ. ಅಂಗಳದ ಆ ತುದಿಯಿಂದ ಬಾವಿಯ ಮೂಲೆ ಸುತ್ತಿಕೊಂಡು ಹಿತ್ತಿಲಿಗೆ ನಡೆಯಬೇಕು. ನೆಟ್ಟಗೆ ಹೋಗುವಾಗ ಚೆನ್ನಾಗಿಯೇ ಹೋದೆ. ಬಾವಿಯ ಮೂಲೆಯಲ್ಲಿ ನೀರು ತುಳುಕಿತೇನೋ ಅನ್ನಿಸಿ ಅಂಜಿಕೆಯಾಗಿ ಗಕ್ಕನೆ ನಿಂತೆ. ಕೊಡ ಮುಂದಕ್ಕೆ ವಾಲಿ ನೀರೆಲ್ಲ ಅಪ್ಪನ ಎಡಗಾಲಿನ ಹಿಮ್ಮಡಿಯ ಮೇಲೆ ಬಿತ್ತು. ಆ ಹಿಮ್ಮಡಿಯ ಮೇಲೆ ಒಂದು ಹಳೆಯ ಸುಟ್ಟ ಕಲೆಯಿದೆ, ಅಂಗೈಯಗಲ.

“ಬೀರಣ್ಣನೂ ಹಿಂಗಽ ಮಾಡಿದ್ದ,” ಎಂದ ಅಪ್ಪ. “ಹಿಂದಿನ ಹಿಡಿಕಿ ಅವಂದು. ತಿರುವಿನ್ಯಾಗ ಅಂಜಿ ಗಕ್ಕನ ನಿಂತ. ಅವತ್ತು ನೀರಿರಲಿಲ್ಲ ಅದರಾಗ.”

ನಮ್ಮವರು ಕಟ್ಟೆಯಿಂದ ಇಳಿದುಬಂದರು. ಆ ಕಲೆಯನ್ನು ನೋಡಿದರು.  ಕೊಡ ಮತ್ತೆ ತುಂಬಿಸಿ, ನನ್ನ ಕೈಯಿಂದ ಬಿದಿರು ತೆಗೆದುಕೊಂಡು ತಾವೇ ಹಿಂದೆ ಹಿಡಿದರು. ಮಾವ ಅಳಿಯ ಒಂದೇ ಕೋಲು ಹಿಡಿದದ್ದು ಅದೇ ಮೊದಲು. ಅಪ್ಪ ಬಾವಿಯ ಮೂಲೆ ಬರುವ ಮೊದಲೇ ಹೆಜ್ಜೆ ಸಣ್ಣ ಮಾಡಿದ. ಮೂಲೆಗೆ ಅಂಟಿಕೊಂಡು ಹೋಗದೆ ದೂರದ ಗೋಡೆಯ ಕಡೆಯಿಂದ ಬಂದು, ಬಾವಿಯ ಕಟ್ಟೆಯನ್ನು ಮುಟ್ಟಿದಂತೆ ಸವರಿ, ಮತ್ತೆ ಆಚೆ ಗೋಡೆಯ ಕಡೆಗೆ ಅಗಲಕ್ಕೆ ಬಿಟ್ಟುಕೊಂಡ. ಅಷ್ಟುದ್ದದ ದಂಡ ಹಿಡಿದವರು ಹಾಗಲ್ಲದೆ ಬೇರೆ ರೀತಿ ತಿರುಗಲಿಕ್ಕೇ ಬರುವುದಿಲ್ಲ. ಒಂದು ಹನಿ ಚೆಲ್ಲಲಿಲ್ಲ.

“ಚಂದ್ರೀ,” ಎಂದರು ಇವರು ಮೆಲ್ಲಗೆ, “ನಾ ಒಳಗಿಂದ ಒಳಗ ಹೊಕ್ಕು ಹೊರಗ ಬೀಳಾಕತ್ತಿದ್ದೆ. ಹೊರಗಿಂದ ಒಳಗ ಬರಬೇಕಿತ್ತು.”

ಅಪ್ಪನಿಗೆ ಉಮೇದು ಬಂತು. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಲಗೈಯ ಬ್ರೇಕಿನ ಹಿಡಿಕೆ ಒತ್ತಿ ನೋಡಿದ. ಅದು ಲಟಲಟ ಎಂದು ಸಡಿಲಾಗಿ ಅಲ್ಲಾಡಿತು. “ಕೇಳವ್ವಾ ನಿನ್ನ ಮನಿಯವರಿಗೆ, ಈ ಬ್ರೇಕು ಯಾಕ ಸಡ್ಲ ಐತಿ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. “ನಿಮ್ಮಪ್ಪಾರಿಗೆ ಹೇಳು, ವಾಯರು ಹರದೈತಿ ಅಂತ,” ಎಂದರು ಇವರು ನೆಲ ನೋಡುತ್ತ.

ನಾಲ್ಕು ವರ್ಷ ಏನು ಹೇಳಿದರೆ ಅದನ್ನು ಮುಟ್ಟಿಸಿದ್ದೆ. ಅವತ್ತು ಸುಳ್ಳು ಮುಟ್ಟಿಸಲಿಕ್ಕೆ ನಾಲಿಗೆ ಏಳಲಿಲ್ಲ. “ಹರದಿಲ್ಲಪ್ಪಾ,” ಎಂದೆ. “ಬಿಚ್ಚಿಟ್ಟಾರ. ನನ್ನ ಸಂಬಂಧ.”

ಎಲ್ಲ ಹೇಳಿಬಿಟ್ಟೆ. ಮದುವೆಯಾದ ಹೊಸದರಲ್ಲಿ ಹಲಸಿಯ ಗುಡಿ ನೋಡಲು ಹೋದಾಗ, ಸಣ್ಣ ಕಲ್ಲು ಹರಡಿದ ಗರಸಿನ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಇವರು ಮುಂದಿನ ಬ್ರೇಕು ಗಬಕ್ಕನೆ ಹಿಡಿದರು, ಮುಂದಿನ ಗಾಲಿ ಜಾರಿತು, ನಾನು ಇಳಕಲ್ ಸೀರೆಯ ಸಮೇತ ಗಟಾರಿನಲ್ಲಿದ್ದೆ. ಮೊಣಕೈ ತರಚಿ ರಕ್ತ ಬಂದಿತ್ತು. ಮನೆಯಲ್ಲಿ ಬೇಲಿಯ ಮುಳ್ಳು ಗೀರಿತು ಎಂದು ಹೇಳಿದ್ದೆವು. ಮರುದಿನವೇ ಇವರು ಮುಂದಿನ ಬ್ರೇಕಿನ ವಾಯರು ಬಿಚ್ಚಿ ಗೂಡಿನಲ್ಲಿಟ್ಟರು. ಉದ್ಯಮಬಾಗದಲ್ಲಿ ಹಾಗೆ ಬಿಚ್ಚಿಟ್ಟವರು ಇವರೊಬ್ಬರೇ ಏನಲ್ಲ. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿ ಎಂದು ಅಲ್ಲಿ ಎಲ್ಲರೂ ನಂಬಿದ್ದರು. ರೇಸಿಗೂ ಇವರು ಹಾಗೇ ಹೋಗುತ್ತಿದ್ದರು, ಹಿಂದಿನ ಒಂದೇ ಬ್ರೇಕಿನ ಮೇಲೆ.

ಅಪ್ಪ ನನ್ನ ಮೊಣಕೈ ಹಿಡಿದು ಕಲೆ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಇವರ ಮುಖ ಹುಳ್ಳಗಾಗಿತ್ತು. ಅಪ್ಪ ನನ್ನ ಕೈ ಬಿಟ್ಟು, ಬೇವಿನ ಗಿಡ ನೋಡುತ್ತ ಹೇಳಿದ:

“ಹೇಳವ್ವಾ ಅವರಿಗೆ. ನೀ ಬಿದ್ದದ್ದು ಮುಂದಿನ ಬ್ರೇಕಿನ ಸಂಬಂಧ ಅಲ್ಲ. ತಿರುವಿನ್ಯಾಗ ಹಿಡದರು, ಅದೂ ಗಬಕ್ಕನ, ಅದಕ್ಕ. ಲೇಡಲ್ ಹೊತ್ತು ನೆಟ್ಟಗ ಹೋಗುವಾಗ ನಿಧಾನ ಮಾಡಿದ್ರ ಭಾರ ಎಲ್ಲಾ ಎಲ್ಲಿ ಬರತೈತಿ? ಮುಂದಿನಾಂವನ ಕೈಯಾಗ. ಇಪ್ಪತ್ತೆರಡು ವರ್ಷ ಆ ಭಾರ ನಾ ಹಿಡದೇನಿ. ಮುಂದಿನಾಂವ ಕೈ ಬಿಟ್ಟು ಕುಂತ್ರ ಹಿಂದಿನಾಂವ ಒಬ್ಬನಽ ಏನು ತಡದಾನು? ಜಾರತಾನ. ಹಾಕಸು ಆ ವಾಯರು.”

ನಾನು ಮುಟ್ಟಿಸುವ ಮೊದಲೇ ಇವರು ತಲೆ ಅಲ್ಲಾಡಿಸಿದ್ದರು. ಮರುದಿನ ಕೆಲಸದಿಂದ ಬಂದವರೇ ಗೂಡಿನಿಂದ ವಾಯರು ತೆಗೆದು, ಎಣ್ಣೆ ಬಿಟ್ಟು, ಹಾಕಿದರು. ನನ್ನನ್ನು ಕೂರಿಸಿಕೊಂಡು ಓಣಿಯ ತುದಿಯತನಕ ಹೋಗಿ ಮೆಲ್ಲಗೆ ಹಿಡಿದು ನಿಲ್ಲಿಸಿದರು. “ಅಂಜಿಕಿ ಆತೇನು?” ಎಂದರು. ಆಗಿತ್ತು. ಇಲ್ಲ ಎಂದೆ.

ಅಲ್ಲಿಂದ ಶುರುವಾಯಿತು ನೋಡಿ. ಖಾನಾಪುರದಲ್ಲಿ ಹೆಂಚಿನ ಕಾರ್ಖಾನೆಯೊಂದರ ಮುಂದೆ ದೊಡ್ಡ ಗಟ್ಟಿ ಬಯಲಿತ್ತು, ರವಿವಾರ ಖಾಲಿ. ಅಪ್ಪ ಸ್ಟೂಲು ಹೊತ್ತು ಅಲ್ಲಿಗೆ ಬಂದ. ಒಡೆದ ಹೆಂಚುಗಳಿಂದ ಹುಲ್ಲಿನ ತಿರುವಿನದೇ ಅಳತೆಯ ತಿರುವು ಹಾಕಿದೆವು. ಹೊರಗಡೆ ನಾಲ್ಕು ಪೆಂಡಿ ಹುಲ್ಲನ್ನೂ ಅಣ್ಣ ಸಿದ್ದಪ್ಪ ನಗುತ್ತ ತಂದಿಟ್ಟ. “ಗಾಡಿ ನಂದಾಗೂದರಾಗ ಟಾಯರು ಸವಸಬ್ಯಾಡ್ರಿ ಭಾವ,” ಎಂದು ಚೇಷ್ಟೆ ಬೇರೆ. ನೇರ ದಾರಿಯಲ್ಲಿ ಒಂದು ಕೆಂಪು ಹೆಂಚು: ಅಲ್ಲಿ ಎರಡೂ ಬ್ರೇಕು ಹಿಡಿಯಬೇಕು, ಮುಂದಿನದು ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಗಾಡಿ ವಾಲಿಸುವಲ್ಲಿ ಎರಡನೆಯ ಹೆಂಚು: ಅಲ್ಲಿಂದ ಹಿಡಿದ ಕೈ ಸ್ವಲ್ಪ ಸ್ವಲ್ಪ ಬಿಡುತ್ತ ಹೋಗಬೇಕು, ಒಮ್ಮೆಲೇ ಕೈಬಿಟ್ಟರೆ ಲೇಡಲ್ ಕುಪ್ಪಳಿಸಿದಂತೆ ಗಾಡಿಯೂ ಕುಪ್ಪಳಿಸುತ್ತದೆ. ಒಳಮಗ್ಗುಲಲ್ಲಿ ಸವರಿ ಹೋಗಬೇಕಾದ ಹೆಂಚು ಮೂರನೆಯದು. ಅದನ್ನು ದಾಟಿ ಗಾಡಿ ನೆಟ್ಟಗಾಗುತ್ತಿದ್ದಂತೆ ಆಕ್ಸಿಲರೇಟರು.

ಹೇಳಲಿಕ್ಕೆ ಇಷ್ಟೇ. ಅಪ್ಪ ಸ್ಟೂಲಿನ ಮೇಲಿಂದ ನನಗೆ ಕೂಗುವುದು, ನಾನು ಬಯಲಿಗೆಲ್ಲ ಕೇಳುವಂತೆ ಅವರಿಗೆ ಕೂಗುವುದು. “ಭಾಳ ಮೊದಲ ಹಿಡದ್ರಂತ!” “ಕೈ ಗಕ್ಕನ ಬಿಟ್ರಂತ!” “ಒಳಗ ಲಗೂನ ಹೊಕ್ಕೀರಂತ, ಇನ್ನೂ ತಡೀರಿ ಅಂತ!” ಅವರು ದೂರದಿಂದ “ಆಯ್ತಂತ ಹೇಳು!” ಎಂದು ಕೂಗುವುದು. ಕಾರ್ಖಾನೆಯ ಕಾವಲುಗಾರನ ಹೆಂಡತಿ ಪದ್ಮವ್ವ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಮೊದಲ ರವಿವಾರ ಇವರು ಆ ಹುಲ್ಲಿಗೆ ಮೂರು ಸಲ ಹೋದರು. ಮೂರನೆಯ ರವಿವಾರಕ್ಕೆ ಒಂದು ಸಲ. ಆಮೇಲೆ ಹುಲ್ಲನ್ನು ಎಮ್ಮೆಯೇ ತಿಂದಿತು. ಪ್ರತಿ ವಾರ ನಾನು ಮೊದಲ ಕೆಂಪು ಹೆಂಚನ್ನು ಎರಡು ಹೆಜ್ಜೆ ತಿರುವಿನ ಹತ್ತಿರಕ್ಕೆ ಸರಿಸುತ್ತಿದ್ದೆ. ಮೊದಲಾದರೆ ಅಲ್ಲೆಲ್ಲೋ ದೂರದಿಂದಲೇ ಗಾಡಿ ತಡೆಯಬೇಕಾಗುತ್ತಿತ್ತು, ಈಗ ಮುಂದಿನ ಗಾಲಿಯೇ ಭಾರ ಹಿಡಿದು ತಿರುವಿನ ಬಾಯಿಯ ತನಕ ತಂದು ಬಿಡುತ್ತಿತ್ತು.

ಡಿಸೆಂಬರಿನ ಒಂದು ರವಿವಾರ ಅಪ್ಪ ಬಾಯಿ ತೆರೆಯುವ ಮೊದಲೇ ನಾನು “ಭಾರ ಇಳಿಯೂದರಾಗ ವಾಲಿಸಿದ್ರಿ!” ಎಂದು ಕೂಗಿದೆ. ಅಪ್ಪ ನನ್ನನ್ನೇ ನೋಡಿದ. ನನಗೆ ಬಹಳ ಖುಷಿಯಾಯಿತು. ಇಷ್ಟು ದಿನ ಬರೀ ಅಂಚೆಯವಳಾಗಿದ್ದವಳಿಗೆ ಪತ್ರ ಓದಲಿಕ್ಕೂ ಬಂತು ಎಂದು ಗೊತ್ತಾಯಿತು.

ಒಂದು ಚಟ ಮಾತ್ರ ಬಿಡಲಿಲ್ಲ. ವೇಗ ಹೆಚ್ಚಾಗಿ ಎದೆ ಹಾರಿತೆಂದರೆ ಇವರ ಕಣ್ಣು ಹುಲ್ಲು ಇದ್ದ ಜಾಗಕ್ಕೇ ಹೋಗುತ್ತಿತ್ತು. ಕಣ್ಣು ಹೋದಲ್ಲಿ ಗಾಡಿ. “ಹೇಳವ್ವಾ ಅವರಿಗೆ, ಲೇಡಲ್ ಹೊತ್ತಾಂವ ಕಾಲು ನೋಡಂಗಿಲ್ಲ, ರಸ ಎಲ್ಲಿ ಸುರೀಬೇಕೋ ಆ ಅಚ್ಚು ನೋಡತಾನ,” ಎಂದ ಅಪ್ಪ. ತನ್ನ ಸ್ಟೂಲನ್ನು ತಿರುವು ಮುಗಿಯುವ ಜಾಗಕ್ಕೆ ಒಯ್ದು ಇಟ್ಟ. “ನನ್ನ ರುಮಾಲು ನೋಡಿಕೋತ ಬರ್ರಿ ಅಂತ ಹೇಳು.” ಬಿಳಿ ರುಮಾಲು ನೋಡುತ್ತ ಬಂದಾಗ ಗಾಡಿ ದಾರ ಹಿಡಿದು ಎಳೆದಂತೆ ಬಂತು.

ರೇಸಿನ ದಿನ ಬಂತು. ಅಪ್ಪ ಅವ್ವ ಇಬ್ಬರೂ ಮೊದಲ ಬಸ್ಸಿಗೇ ಬಂದಿಳಿದರು. ಅವ್ವ ಬಾಳವ್ವ ರೊಟ್ಟಿ, ಶೇಂಗಾ ಚಟ್ನಿ, ಎಳ್ಳು ಹೋಳಿಗೆ ಎಂದು ಮೂರು ಗಂಟು ಕಟ್ಟಿಕೊಂಡು ಬಂದಿದ್ದಳು. ನನ್ನ ಗಂಟಲು ಮಾತ್ರ ಕೈಕೊಟ್ಟಿತ್ತು. ಹಿಂದಿನ ರವಿವಾರ ದಿನವಿಡೀ ಕೂಗಿದ್ದೆ, ಮೇಲೆ ಜನವರಿಯ ಥಂಡಿ. ಅರಿಶಿಣ ಹಾಲು ಕುಡಿದರೂ, ಉಪ್ಪುನೀರು ಮುಕ್ಕಳಿಸಿದರೂ ಧ್ವನಿ ಎಂಬುದು ಇರಲಿಲ್ಲ. “ಅಯ್ಯ, ನಮ್ಮ ಮನಿಯಾಗ ಇಷ್ಟು ಶಾಂತಿ ನಾ ಕಂಡಿದ್ದಿಲ್ಲ,” ಎಂದು ಇವರು ಕೀಟಲೆ ಮಾಡಿದರು. ಉತ್ತರದ ಬದಲು ಅವರ ತೋಳು ಚಿವುಟಿದೆ.

ಹಿಂದಿನೆರಡು ವರ್ಷ ಗೆದ್ದವನು ಪಾರೀಸ, ಖಡೇಬಜಾರಿನ ಬಟ್ಟೆ ವ್ಯಾಪಾರಿಗಳ ಮಗ. ಒಳ್ಳೆಯ ಹುಡುಗ, ನಗುಮುಖದವನು. ಆ ವರ್ಷ ಹೊಸ ರಾಜದೂತ್ ತ್ರೀ ಫಿಫ್ಟಿ ತಂದಿದ್ದ. ಅದು ನೇರ ದಾರಿಯಲ್ಲಿ ಓಡಿದರೆ ನಮ್ಮ ಯೆಜ್ಡಿ ನಿಂತಂತೆ ಕಾಣುತ್ತಿತ್ತು. “ನಾಗಲಿಂಗಣ್ಣಾ, ಈ ಸಲ ಹುಲ್ಲು ಮೆತ್ತಗಂದು ತರಿಸೇವ್ರಿ,” ಎಂದ. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ನೋಡುವವರನ್ನೆಲ್ಲ ಹಗ್ಗದ ಹಿಂದೆ ನಿಲ್ಲಿಸಿದ್ದರು, ತಿರುವಿನ ಒಳಮಗ್ಗುಲಿಗೆ. ಗಾಡಿಗಳು ಹೊರಟವು. ಹನ್ನೊಂದು ಗಾಡಿ, ಹೊಗೆ, ಸದ್ದು. ಅವ್ವ ಕಣ್ಣು ಮುಚ್ಚಿ ‘ಓಂ ನಮಃ ಶಿವಾಯ’ ಶುರು ಮಾಡಿದಳು. ಪ್ರತಿ ಸುತ್ತು ಅದೇ ಆಟ: ನೇರ ದಾರಿಯಲ್ಲಿ ಪಾರೀಸ ಮುಂದೆ ಹೋಗುವುದು, ಹುಲ್ಲಿನ ತಿರುವಿನಲ್ಲಿ ಇವರು ತಡವಾಗಿ ಬ್ರೇಕು ಹಿಡಿದು, ಹೊರಗಿನಿಂದ ಒಳಗೆ ಸವರಿ ಅವನ ಬೆನ್ನಿಗೆ ಬಂದು ಅಂಟಿಕೊಳ್ಳುವುದು. ಉದ್ಯಮಬಾಗದ ಹುಡುಗರು ಶಿಳ್ಳೆ ಹೊಡೆದರು. ಐದನೆಯ ಸುತ್ತಿಗೆ ಉಳಿದವರೆಲ್ಲ ಹಿಂದೆ, ಇವರಿಬ್ಬರೇ ಮುಂದೆ.

ಏಳನೆಯ ಸುತ್ತಿನಲ್ಲಿ ಎಡವಟ್ಟಾಯಿತು. ಯಾರದೋ ಗಾಡಿಯಿಂದ ಸೋರಿದ ಎಣ್ಣೆಯೋ ಏನೋ, ತಿರುವಿನಲ್ಲಿ ಇವರ ಹಿಂದಿನ ಗಾಲಿ ಒಮ್ಮೆ ಜಾರಿತು. ಗಾಡಿ ಹುಲ್ಲಿನಿಂದ ಒಂದು ಮಾರು ದೂರದಲ್ಲಿ ಹೇಗೋ ನೆಟ್ಟಗಾಯಿತು. ಬೀಳಲಿಲ್ಲ. ಆದರೆ ಅವರು ದಾಟಿಹೋಗುವಾಗ ತಲೆ ಹೊರಳಿಸಿ ಆ ಹುಲ್ಲನ್ನೇ ನೋಡಿದ್ದು ನನಗೆ ಕಂಡಿತು.  ಎಮ್ಮೆ, ಸಿದ್ದಪ್ಪ, ಕೀಲಿ, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದವು. ಯಾಕಾದರೂ ಆ ಮಾತು ಆಡಿದೆನೋ ದೇವರೇ.

“ಹುಲ್ಲು ನೋಡಾಕತ್ತಾನ,” ಎಂದ ಅಪ್ಪ. ನೋಡಾಕತ್ತಾರ ಎನ್ನಲಿಲ್ಲ. “ಚಂದ್ರವ್ವಾ, ಹೇಳು ಅವಗ! ಹುಲ್ಲು ನೋಡಬ್ಯಾಡ ಅಂತ ಹೇಳು!”

ಕೊನೆಯ ಸುತ್ತು. ದೂರದಲ್ಲಿ ಎರಡು ಗಾಡಿ ನೇರ ದಾರಿಗೆ ಬಂದವು, ಪಾರೀಸ ಮುಂದೆ, ಇವರು ಅವನ ಹಿಂದೆಯೇ. ನಾನು ಬಾಯಿ ತೆರೆದೆ. ಇದ್ದಬದ್ದ ಉಸಿರೆಲ್ಲ ಎಳೆದು ಕೂಗಿದೆ. ಬರೀ ಗಾಳಿ ಬಂತು.

ಅಪ್ಪ ನನ್ನ ಮುಖ ನೋಡಿದ. ಹಗ್ಗದ ಕೆಳಗೆ ನುಸುಳಿದ. ಧೋತರದ ಚುಂಗು ಎತ್ತಿ ಹಿಡಿದು, ಅರವತ್ತು ದಾಟಿದ ಮನುಷ್ಯ, ತಿರುವು ಮುಗಿಯುವ ಜಾಗಕ್ಕೆ ಓಡಿದ. ದಾರಿಯ ಅಂಚಿನಲ್ಲಿದ್ದ ಡ್ರಮ್ಮಿನ ಹಿಂದೆ ನಿಂತು ತಲೆಯ ಮೇಲಿನ ರುಮಾಲು ಕಿತ್ತು ಬಿಚ್ಚಿ ಆಕಾಶಕ್ಕೆ ಬೀಸಿದ. ಅಳಿಯನ ಎದುರು ಬೋಳು ತಲೆ! ಅವ್ವ “ಅಯ್ಯಯ್ಯ!” ಎಂದಳು.

“ಲೇ ನಾಗಲಿಂಗಾ!” ಎಂದ ಅಪ್ಪ. ಫೌಂಡ್ರಿಯ ಗದ್ದಲದಲ್ಲಿ ಇಪ್ಪತ್ತೆರಡು ವರ್ಷ ಪಳಗಿದ ಗಂಟಲು ಅದು. “ಇಲ್ಲಿ ನೋಡೋ! ಹುಲ್ಲು ನೋಡಬ್ಯಾಡಲೇ, ನನ್ನ ನೋಡೋ ಮಗನಽ!”

ಆ ಸದ್ದಿನಲ್ಲಿ ಹೆಲ್ಮೆಟ್ಟಿನೊಳಗೆ ಅದೇನು ಕೇಳಿಸಿತೋ ಇಲ್ಲವೋ. ಆದರೆ ಎಂಟು ಮೊಳದ ಬಿಳಿ ಬಟ್ಟೆ ಕಾಣದೆ ಇರುತ್ತದೆಯೇ? ಪಾರೀಸ ಬ್ರೇಕು ಹಿಡಿದ. ಇವರು ಹಿಡಿಯಲಿಲ್ಲ. ಒಂದು, ಎರಡು ಎಂದು ನಾನು ಮನಸ್ಸಿನಲ್ಲಿ ಹೆಂಚು ಎಣಿಸಿದೆ. ನಾನು ಸರಿಸಿ ಸರಿಸಿ ಇಟ್ಟಿದ್ದ ಕೊನೆಯ ಹೆಂಚಿನ ಜಾಗಕ್ಕೆ ಬಂದಾಗ ಹಿಡಿದರು. ಮುಂದಿನ ಗಾಲಿ ಭಾರ ತಗೊಂಡು ಗಾಡಿಯ ಮೂತಿ ಕೆಳಗೆ ಬಾಗಿತು. ಮೆಲ್ಲಗೆ ಕೈ ಬಿಡುತ್ತ ವಾಲಿಸಿದರು. ಪಾರೀಸನ ಗಾಡಿ ಹೊರಮಗ್ಗುಲಿಗೆ ಸರಿದು ಒಳಗೆ ಒಂದು ಬಾಗಿಲಿನಷ್ಟು ಜಾಗ ತೆರೆಯಿತು. ಇವರು ಅಲ್ಲಿಂದ ಸವರಿಕೊಂಡು, ತಲೆ ಅಪ್ಪನ ಕಡೆ ನೆಟ್ಟು, ಹೊರಬಂದರು. ಹುಲ್ಲಿನ ಒಂದು ಎಸಳೂ ಅಲುಗಲಿಲ್ಲ. ರಾಜದೂತ್ ಹಿಂದಿನಿಂದ ಗರ್ಜಿಸುತ್ತ ಬಂತು, ಬಾಜೂಕ್ಕೂ ಬಂತು, ಆದರೆ ಗೆರೆ ಅಷ್ಟರಲ್ಲಿ ಬಂದಿತ್ತು. ಅರ್ಧ ಗಾಲಿ ನಮ್ಮದು ಮುಂದೆ.

ನಾನು ಕೂಗಿದೆ, ಕುಣಿದೆ, ಅತ್ತೆ, ಯಾವುದಕ್ಕೂ ಧ್ವನಿ ಇರಲಿಲ್ಲ. ಅವ್ವ ಕಣ್ಣು ತೆರೆದು “ಬಿದ್ನೇನು?” ಎಂದಳು. ಇಲ್ಲ ಎಂದು ತಲೆ ಅಲ್ಲಾಡಿಸಿ ಅವಳನ್ನು ಅಪ್ಪಿಕೊಂಡೆ.

ಪಾರೀಸ ಹೆಲ್ಮೆಟ್ಟು ತೆಗೆದು ಬಂದು ಇವರ ಬೆನ್ನಿಗೆ ಗುದ್ದಿದ. “ಏನ್ರಿ ಅಣ್ಣಾ, ಹುಲ್ಲು ಪಾಪ ವರ್ಷದಿಂದ ನಿಮ್ಮ ಹಾದಿ ಕಾಯಾಕತ್ತಿತ್ತು, ಹಂಗಽ ಬಿಟ್ಟು ಹೋದ್ರಲ್ಲಾ!”

ಜನ ಸರಿದ ಮೇಲೆ ಅಪ್ಪ ಅಲ್ಲೇ ನಿಂತಿದ್ದ, ರುಮಾಲು ಕೈಯಲ್ಲಿ, ತಲೆ ಬೋಳು, ಏನು ಮಾಡಿಬಿಟ್ಟೆ ಎಂಬ ನಾಚಿಕೆ ಮುಖದ ತುಂಬ. ಇವರು ಹತ್ತಿರ ಹೋಗಿ ಬಗ್ಗಿ ಅವನ ಕಾಲು ಮುಟ್ಟಿದರು, ಎಡಗಾಲಿನ ಹಿಮ್ಮಡಿಯನ್ನೇ. ಅಪ್ಪ ನನ್ನ ಕಡೆ ಹೊರಳಿದ. “ಚಂದ್ರವ್ವಾ, ನಿನ್ನ ಮನಿಯವರಿಗೆ ಹೇಳು...” ಎಂದು ಶುರು ಮಾಡಿದವನು ನಿಂತ. ನನ್ನ ಗಂಟಲು ತೋರಿಸಿ ಕೈಯಾಡಿಸಿದೆ. ಅವನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಜೀವನದಲ್ಲಿ ಮೊದಲ ಸಲ ಅಳಿಯನ ಮುಖ ನೆಟ್ಟಗೆ ನೋಡಿದ.

“ಮೂರನೇ ಸುತ್ತಿನ್ಯಾಗ ಕೈ ಗಕ್ಕನ ಬಿಟ್ಟಿ ನೋಡಪಾ,” ಎಂದ.

“ಹೌದ್ರಿ ಮಾವಾರ. ನನಗೂ ತಿಳೀತು,” ಎಂದರು ಇವರು.

ಅಷ್ಟೇ. ಕಟ್ಟೆ ಒಡೆದಂತೆ ಇಬ್ಬರೂ ಮಾತಾಡಲಿಕ್ಕೆ ಹತ್ತಿದರು. ರೊಟ್ಟಿ ತಿನ್ನುವಾಗ ಮಾತು, ಎಳ್ಳು ಹೋಳಿಗೆ ತಿನ್ನುವಾಗ ಮಾತು, ಗಾಡಿಯ ಸುತ್ತ ಕೂತು ನೆಲದ ಮೇಲೆ ಕಡ್ಡಿಯಿಂದ ತಿರುವು ಬರೆದು ಮಾತು. ಬಹುಮಾನದ ಹಿತ್ತಾಳೆ ಬಟ್ಟಲಲ್ಲಿ ಚಟ್ನಿ ಹಾಕಿಕೊಂಡು ತಿಂದರು ಇಬ್ಬರೂ! ನಾನು ಬಾಜೂಕ್ಕೆ ಕೂತಿದ್ದರೂ ಕೇಳುವವರಿಲ್ಲ. ಊರಿಗೆ ಹೊರಡುವಾಗ ಇವರು ಗಾಡಿ ಚಾಲೂ ಮಾಡಿದರು. ನಾನು ಹತ್ತಲಿಕ್ಕೆ ಹೋದೆ. ಅಪ್ಪ ಆಗಲೇ ಹಿಂದೆ ಹತ್ತಿ ಕೂತಿದ್ದ, ರುಮಾಲು ಮತ್ತೆ ಸುತ್ತಿಕೊಂಡು, ಅಳಿಯನ ಹೆಗಲು ಗಟ್ಟಿ ಹಿಡಿದು.

“ನೀ ಅವ್ವನ ಕೂಡ ಬಸ್ಸಿನ್ಯಾಗ ಬಾರವ್ವಾ,” ಎಂದ. “ಹಾದಿಯಾಗ ಇವಗ ಒಂದೀಟು ಹೇಳೂದು ಐತಿ.”

ಗಾಡಿ ಹೊರಟೇಬಿಟ್ಟಿತು. ನಾನೂ ಅವ್ವನೂ ಖಾಲಿ ಗಂಟು ಹಿಡಿದು, ಬಸ್ಸು ಕಾದು, ಖಾನಾಪುರದ ತನಕ ಕಿಟಕಿಯ ಥಂಡಿ ಗಾಳಿ ಕುಡಿಯುತ್ತ ಹೋದೆವು. ನನಗೆ ಸಿಟ್ಟು ಬಂದಿತ್ತೇ ಎಂದರೆ ಬಂದಿತ್ತು. ನಾಲ್ಕು ವರ್ಷ ಇಬ್ಬರ ಮಾತು ಹೊತ್ತು ಗಂಟಲು ಕಳೆದುಕೊಂಡವಳನ್ನು ಒಂದೇ ದಿನಕ್ಕೆ ಕೆಲಸದಿಂದ ತೆಗೆದುಹಾಕಿದ್ದರು. ಅವ್ವ ನನ್ನ ಮುಖ ನೋಡಿ “ಯಾಕವ್ವಾ ನಗಾಕತ್ತಿ?” ಎಂದಳು. ನಗುತ್ತಿದ್ದೇನೆಂದು ನನಗೂ ಆಗಲೇ ಗೊತ್ತಾದದ್ದು.

ನಮ್ಮ ಓಣಿಯ ತಿರುವಿಗೆ ಬಂದಾಗ ಇನ್ನೂ ಬಿಸಿಲಿತ್ತು. ಬೇವಿನ ಗಿಡದ ಕೆಳಗೆ ಬಾಜೂ ಮನೆಯ ಕೋಳಿಗಳು ಹಾಯಾಗಿ ಕಾಳು ಆರಿಸುತ್ತಿದ್ದವು, ಒಂದೂ ಗೋಡೆಯ ಮೇಲಿರಲಿಲ್ಲ. ಕಟ್ಟೆಯ ಮೇಲೆ ಅಪ್ಪ ಕಾಲು ಚಾಚಿ ಕೂತಿದ್ದ. ಇವರು ಅವನ ಬಾಜೂಕ್ಕೆ ಕೂತಿದ್ದರು. ಇಬ್ಬರ ನಡುವೆ ಗಾಡಿಯ ಕೀಲಿ ಇತ್ತು. ನನ್ನನ್ನು ಕಂಡು ಇವರು ಅದನ್ನೆತ್ತಿ ನನ್ನ ಮುಂದೆ ಹಿಡಿದು ಗಲಗಲ ಅಲ್ಲಾಡಿಸಿದರು, ಬೇಕೇನು ಎನ್ನುವಂತೆ. ನಾನು ಅವರ ಕೈಗೆ ಒಂದೇಟು ಕೊಟ್ಟು ಕೀಲಿಯನ್ನು ಅವರ ಅಂಗಿಯ ಜೇಬಿಗೇ ತುರುಕಿದೆ.

“ಚಂದ್ರವ್ವಾ,” ಎಂದ ಅಪ್ಪ, “ನಿನ್ನ ಗಂಡಗ ಹೇಳು, ಮುಂದಿನ ವರ್ಷ...”

ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

“ಬ್ಯಾಡ ಬಿಡು,” ಎಂದ ಅಪ್ಪ. “ನೀ ಚಹಾ ಇಡು. ನಾನಽ ಹೇಳ್ತೇನಿ.”